ಎದೆಯ ಮೇಲೆ ಎರಡನೆಯ ಕರಡಿಗೆ

ನಮ್ಮ ಹಿಟ್ಟಿನ ಗಿರಣಿಯಿಂದ ಎಣ್ಣೆ ಇಂಜಿನ್ನು ಹೋಗಿ ಕರೆಂಟಿನ ಮೋಟಾರು ಬಂದು ಎರಡು ವರ್ಷವಾಗಿತ್ತು. ಹಗರಿಬೊಮ್ಮನಹಳ್ಳಿಗೂ ಹಡಗಲಿಗೂ ನಡುವಿನ ನಮ್ಮ ಸಣ್ಣ ಊರಿಗೆ ಆಗ ದಿನಕ್ಕೆ ಎರಡೇ ಬಸ್ಸು. ಬೆಳಗಿನ ಬಸ್ಸು ಬಂದರೆ ಏಳೂವರೆ, ಸಂಜೆಯದು ಬಂದರೆ ಐದು. ಬಸ್ಸು ತಡವಾದ ದಿನ ಊರೇ ತಡವಾಗುತ್ತಿತ್ತು. ಶೇಂಗಾ ಕೀಳುವ ಕಾಲಕ್ಕೆ ಹುಡುಗರ ಜೇಬಿನಲ್ಲಿ, ಹುಡುಗಿಯರ ಲಂಗದ ಮಡಿಲಲ್ಲಿ ಮಣ್ಣಂಟಿದ ಹಸಿಕಾಯಿ. ನಮ್ಮ ಕಡೆಯ ನನ್ನ ವಯಸ್ಸಿನವರು ಆ ಹಸಿಕಾಯಿಯ ಹಾಲಿನಂಥ ರುಚಿಯಿಂದಲೇ ಆ ದಿನಗಳನ್ನು ನೆನೆಯುತ್ತಾರೆ. ನಾನೂ ನೆನೆಯುತ್ತೇನೆ. ಆದರೆ ನನಗೆ ಇನ್ನೊಂದು ಗುರುತಿದೆ: ನನಗೆ ಸದ್ದು ಬಂದದ್ದು ಆ ವರ್ಷ.

ಮಳೆ ಬಂತು, ಬೆಳೆ ಬಂತು ಎನ್ನುತ್ತೇವಲ್ಲ, ಹಾಗೆಯೇ ಹೇಳುತ್ತಿದ್ದೇನೆ. ಹತ್ತನೆಯ ವಯಸ್ಸಿನಲ್ಲಿ, ಐದನೆಯ ತರಗತಿಯಲ್ಲಿದ್ದಾಗ, ನನಗೆ ಸದ್ದು ಬಂತು.

ನಾಲ್ಕು ವರ್ಷದವಳಿದ್ದಾಗ ದಡಾರ ಬಂದು ಎರಡೂ ಕಿವಿ ಸೋರಿದವಂತೆ. ಅದಕ್ಕೆ ಮೊದಲು ಕೇಳಿದ ಯಾವ ಸದ್ದೂ ನನಗೆ ನೆನಪಿಲ್ಲ. ಸೋರುವುದು ನಿಂತಿತು, ವಾಸಿಯಾಯಿತೆಂದು ಮನೆಯವರು ತಿಳಿದರು. ಕೇಳುವುದು ಕಡಿಮೆಯಾದದ್ದು ಯಾರಿಗೂ ಗೊತ್ತಾಗಲಿಲ್ಲ. ನನಗೂ ಗೊತ್ತಾಗಲಿಲ್ಲ. ಇದನ್ನು ಹೇಳಿದರೆ ಜನ ನಗುತ್ತಾರೆ. ಆದರೆ ತನಗೆ ಕೇಳಿಸದ ಸದ್ದು ಇದೆ ಎಂದು ಮಗುವಿಗೆ ಹೇಗೆ ತಿಳಿಯಬೇಕು? ಎದುರಿಗಿದ್ದವರ ತುಟಿ ನೋಡಿ ನಾನು ಮಾತು ಹಿಡಿಯುತ್ತಿದ್ದೆ. ಎಲ್ಲರೂ ಮಾತನ್ನು ಹೀಗೆಯೇ ಹಿಡಿಯುತ್ತಾರೆಂದು ನಂಬಿದ್ದೆ.

ನನ್ನ ಕಿವಿಯ ಕೊರತೆಯನ್ನು ಅಷ್ಟು ವರ್ಷ ಬಚ್ಚಿಟ್ಟದ್ದು ನಮ್ಮ ಗಿರಣಿಯೇ. ಮೋಟಾರು ತಿರುಗಿ, ಬೆಲ್ಟು ಓಡಿ, ಕಲ್ಲು ಬಿಸಿಯಾಗಿ ಜೋಳದ ಹಿಟ್ಟಿನ ವಾಸನೆ ಏಳುವ ಹೊತ್ತಿಗೆ ಅಲ್ಲಿ ಯಾರ ಮಾತೂ ಯಾರಿಗೂ ಕೇಳುತ್ತಿರಲಿಲ್ಲ. ಎಲ್ಲರೂ ಎದುರು ನಿಂತು, ಬಾಯಿ ದೊಡ್ಡದಾಗಿ ತೆರೆದು, ಕೈ ತಿರುಗಿಸಿ ಮಾತಾಡುವವರೇ. ಬಾಗಿಲಲ್ಲಿ ಜೋಳ ತುಂಬಿದ ಪುಟ್ಟಿ ಹೊತ್ತು ನಿಂತವಳ ತುಟಿ ನೋಡಿ ನಾನು ಒಳಗಿನಿಂದಲೇ ಅಪ್ಪನಿಗೆ ಹೇಳುತ್ತಿದ್ದೆ: "ಶಿವಕ್ಕಗ ಸಣ್ಣಗ ಬೇಕಂತಪ್ಪಾ. ರೊಟ್ಟಿಗಂತ." ಅಪ್ಪ ಹಿಟ್ಟು ಮೆತ್ತಿದ ಹುಬ್ಬು ಏರಿಸಿ ಬಂದವರಿಗೆಲ್ಲ ತೋರಿಸುತ್ತಿದ್ದ: "ನೋಡ್ರಿ, ನಮ್ಮ ಗಿರಿಜಾನ ಕಿವಿ ಎಷ್ಟು ಚುರುಕ ಐತಿ!"

ಶಾಲೆಯಲ್ಲಿ ಮಾತ್ರ ನಾನು ದಡ್ಡಿ. ನಮ್ಮ ಹೆಡ್‌ಮಾಸ್ತರು ಶನಿವಾರ ಬೆಳಗಿನ ಶಾಲೆಯಲ್ಲಿ ಉಕ್ತಲೇಖನ ಕೊಡುತ್ತಿದ್ದರು. ಕೈ ಹಿಂದೆ ಕಟ್ಟಿಕೊಂಡು ಬೆಂಚುಗಳ ಹಿಂದೆ ಅತ್ತಿಂದಿತ್ತ ತಿರುಗುತ್ತ ವಾಕ್ಯ ಹೇಳುವುದು ಅವರ ರೂಢಿ, ಮಕ್ಕಳು ಒಬ್ಬರದನ್ನೊಬ್ಬರು ನೋಡಿ ಬರೆಯಬಾರದೆಂದು. ಸುತ್ತಲಿನ ತಲೆಗಳೆಲ್ಲ ಒಮ್ಮೆಲೇ ಬಗ್ಗಿ ಬರೆಯತೊಡಗುತ್ತಿದ್ದವು. ಏನು ಬರೆಯುತ್ತಿದ್ದಾರೆ? ಯಾರು ಹೇಳಿದರು? ಉಳಿದ ಮಕ್ಕಳಿಗೆ ಬೆನ್ನಲ್ಲೂ ಕಣ್ಣಿದೆ, ನನಗೊಬ್ಬಳಿಗೇ ಇಲ್ಲ ಎಂದುಕೊಂಡು ಪಾಟಿ ಖಾಲಿ ಬಿಟ್ಟು ಕೂರುತ್ತಿದ್ದೆ. ಅಂಗೈ ಮೇಲೆ ಎರಡು ಏಟು. ಎರಡು ಶನಿವಾರ ಮೂರನೆಯ ತರಗತಿಯ ಸಣ್ಣವರ ಜೊತೆಗೂ ಕೂರಿಸಿದರು.

ಒಂದು ಮಧ್ಯಾಹ್ನ ಕರೆಂಟು ಹೋಗಿ ಗಿರಣಿ ನಿಂತಿತು. ನಾನು ಬಾಗಿಲ ಕಡೆ ಮುಖ ಮಾಡಿ ಪುಟ್ಟಿಗಳನ್ನು ಸಾಲಾಗಿ ಇಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ಅಪ್ಪ ಬಂದು ನನ್ನ ಮುಂದೆ ಕುಕ್ಕರಗಾಲಲ್ಲಿ ಕುಳಿತ. ಮುಖದ ಬಣ್ಣ ಬೇರೆಯಾಗಿತ್ತು.

"ಮೂರು ಸಲ ಕರದ್ನಲ್ಲವ್ವಾ, ಕೇಳಲಿಲ್ಲೇನು?"

"ನೀ ಎಲ್ಲಿ ಕರದಿ? ನೀ ಹಿಂದ ಇದ್ದಿ."

ಅಪ್ಪ ಎದ್ದು ನನ್ನ ಬೆನ್ನ ಹಿಂದೆ ಹೋದ. ನಾನು ಕಾದೆ. ಮತ್ತೆ ಮುಂದೆ ಬಂದ. ಮತ್ತೆ ಹಿಂದೆ ಹೋದ. ಇದೇನೋ ಹೊಸ ಆಟವೆಂದು ನಾನು ನಕ್ಕೆ. ಅಪ್ಪ ನಗಲಿಲ್ಲ.

ಮರುದಿನವೇ ಶಾಲೆಗೆ ಹೋಗಿ ಮಾಸ್ತರಿಗೆ ವಿಷಯ ತಿಳಿಸಿದ. ನಾನು ಪಕ್ಕದಲ್ಲೇ ನಿಂತು ಇಬ್ಬರ ತುಟಿಯನ್ನೂ ನೋಡುತ್ತಿದ್ದೆ. ನನಗೆ ತಿಳಿಯುತ್ತದೆಂಬುದು ಇಬ್ಬರಿಗೂ ಮರೆತಿತ್ತು.

"ಕಿವಿ ಕೇಳದ ಹುಡುಗಿನ್ನ ಇಟ್ಕೊಂಡು ನಾ ಏನ್ ಕಲಿಸ್ಲಿ ಹೇಳ್ರಿ? ಸುಮ್ನ ಮನ್ಯಾಗ ಇಟ್ಕೋರಿ. ರೊಟ್ಟಿ ಬಡಿಯಾಕ ಕಿವಿ ಬೇಕಾಗಂಗಿಲ್ಲ."

"ಬಳ್ಳಾರ್‍ಯಾಗ ಮಿಷಿನ್ನು ಕೊಡ್ತಾರಂತ್ರಿ ಸರ್. ಕಿವಿಗೆ ಹಾಕ್ಕೊಳ್ಳೋದು."

"ತರ್ರಿ, ನೋಡೂಣು. ದಸರಾ ಸೂಟಿ ಬಿಡೋಕ ಮುಂಚಿನ ಶನಿವಾರ ಉಕ್ತಲೇಖನ ಕೊಡ್ತೀನಿ. ಹತ್ತು ವಾಕ್ಯ. ಅರ್ಧ ಬರದ್ಲು ಅಂದ್ರ ಐದನೇ ಕ್ಲಾಸಿನ್ಯಾಗ ಇರ್ತಾಳ. ಇಲ್ಲಂದ್ರ ಬಿಡಿಸ್ರಿ."

ಕೆಟ್ಟ ಮನುಷ್ಯರಲ್ಲ ಅವರು. ಹೇಳಿದ್ದನ್ನು ಹೇಳಿದ ದಿನ ಮಾಡುವವರು. ಆ ಗುಣ ನನಗೆ ಆಮೇಲೆ ಬಹಳ ಇಷ್ಟವಾಯಿತು; ಆಗ ಮಾತ್ರ ದಸರಾಕ್ಕೆ ಎಷ್ಟು ಶನಿವಾರ ಉಳಿದಿವೆಯೆಂದು ಬೆರಳಲ್ಲಿ ಎಣಿಸಿದೆ.

ಬಳ್ಳಾರಿಯ ಡಾಕ್ಟರಮ್ಮ ಬಾಯಿಗೆ ಪುಸ್ತಕ ಅಡ್ಡ ಹಿಡಿದು ಏನೋ ಹೇಳಿ, "ನಾನು ಏನಂದೆ?" ಎಂದು ಪುಸ್ತಕ ತೆಗೆದು ಕೇಳಿದರು. ಉಕ್ಕಿನ ಕವಲುಕಡ್ಡಿಯೊಂದನ್ನು ಮಿಡಿದು ಕಿವಿಯ ಹತ್ತಿರ, ಹಿಂದಿನ ಎಲುಬಿನ ಮೇಲೆ ಇಟ್ಟು ನೋಡಿದರು. ಆಮೇಲೆ ಅಪ್ಪನಿಗೆ ನಿಧಾನವಾಗಿ ತಿಳಿಸಿದರು: "ನಿಮ್ಮ ಮಗಳು ದಡ್ಡಿ ಅಲ್ಲ. ಕೇಳದೇ ಇಷ್ಟು ಮಾತು ಹಿಡೀತಾಳೆ ಅಂದ್ರೆ ಜಾಣೆ. ಕಿವಿ ಪೂರಾ ಹೋಗಿಲ್ಲ, ಸದ್ದನ್ನು ದೊಡ್ಡದು ಮಾಡಿ ಒಳಗೆ ಕಳಿಸಬೇಕು." ನನ್ನ ಕಿವಿಯ ಅಚ್ಚು ತೆಗೆದುಕೊಂಡು ಹದಿನೈದು ದಿನ ಬಿಟ್ಟು ಬರಲು ಹೇಳಿದರು.

ಎರಡನೆಯ ಸಲ ಹೋದಾಗ ಯಂತ್ರ ಬಂದಿತ್ತು. ಎರಡು ಬೆಂಕಿಪೊಟ್ಟಣ ಜೋಡಿಸಿದಷ್ಟು ದೊಡ್ಡ ಬೂದು ಬಣ್ಣದ ಪೆಟ್ಟಿಗೆ. ಅದರ ಮುಖದ ಮೇಲೆ ಏಳು ಸಣ್ಣ ತೂತು, ಸದ್ದು ಒಳಗೆ ಹೋಗುವ ಬಾಯಿ ಅದು. ಮೇಲೆ ಅಂಕಿ ಬರೆದ ತಿರುಗಣಿ. ಅಲ್ಲಿಂದ ಒಂದು ತಂತಿ ಹೊರಟು ಕಿವಿಯೊಳಗಿನ ಗುಂಡಿಗೆ ಸೇರುತ್ತಿತ್ತು. ಡಾಕ್ಟರಮ್ಮ ತಿರುಗಣಿಯನ್ನು ಎರಡಕ್ಕೆ ತಿರುಗಿಸಿ ಅಪ್ಪನನ್ನು ನನ್ನ ಬೆನ್ನ ಹಿಂದೆ ನಿಲ್ಲಿಸಿದರು.

"ಗಿರಿಜಾ."

ತಿರುಗಿ ನೋಡಿದೆ. ಅಪ್ಪನ ದನಿ ಇಷ್ಟು ಸಣ್ಣದೇ! ಗಿರಣಿಯಲ್ಲಿ ಅಷ್ಟಗಲ ತೆರೆಯುವ ಬಾಯಿ ನೋಡಿ ನಾನು ದೊಡ್ಡದೊಂದು ದನಿ ಊಹಿಸಿಕೊಂಡಿದ್ದೆ. ನಗು ತಡೆಯಲಾಗಲಿಲ್ಲ. ಅಪ್ಪ ಟವಲು ಮುಖಕ್ಕೊತ್ತಿಕೊಂಡು ಗೋಡೆಯ ಕಡೆ ತಿರುಗಿದ. ನನ್ನ ನಗು ನನಗೇ ಕೇಳಿ ನಾನು ಬೆಚ್ಚಿಬಿದ್ದೆ.

"ಇದು ಕನ್ನಡಕದ ಹಾಗಲ್ಲ, ಹಾಕಿದ ತಕ್ಷಣ ಎಲ್ಲ ಸರಿಹೋಗಲ್ಲ," ಎಂದರು ಡಾಕ್ಟರಮ್ಮ. "ಯಾವ ಸದ್ದು ಯಾವುದು ಅಂತ ಕಿವಿ ಕಲೀಬೇಕು. ದಿನಾ ಹಾಕಬೇಕು. ನೀರು ತಾಗಬಾರದು. ತೂತಿಗೆ ಸೂಜಿ, ಕಡ್ಡಿ ಹಾಕಬಾರದು. ಮಲಗುವಾಗ ತೆಗೆದು ಸೆಲ್ಲು ಬೇರೆ ಇಡಬೇಕು. ಕಿವಿಗೆ ಎಣ್ಣೆ ಬಿಟ್ಟೀರಾ ಜೋಕೆ!"

ಹಗರಿಬೊಮ್ಮನಹಳ್ಳಿಯಲ್ಲಿ ಬಸ್ಸು ಬದಲಿಸುವಾಗ ಅಪ್ಪ ಒಗ್ಗರಣೆ ಮಂಡಕ್ಕಿ, ಮಿರ್ಚಿ ಕೊಡಿಸಿದ. ಒಂದು ತುತ್ತು ಬಾಯಿಗೆ ಹಾಕಿ ನಿಲ್ಲಿಸಿದೆ. ಕಣ್ಣರಳಿಸಿ ಅಪ್ಪನನ್ನು ನೋಡಿದೆ. ಮೆಣಸಿನಕಾಯಿಯ ಗರಿಗರಿ ಹೊದಿಕೆ ಹಲ್ಲಿಗೆ ಸಿಕ್ಕಿ ಕರುಮ್ ಎಂದಿತ್ತು! ತಿನ್ನುವುದಕ್ಕೂ ಸದ್ದು! ಎರಡನೆಯ ಪ್ಲೇಟನ್ನು ನಾನು ತಿಂದದ್ದು ಹಸಿವಿಗಲ್ಲ, ಕೇಳುವುದಕ್ಕೆ.

ಮನೆಗೆ ಬಂದ ಯಂತ್ರವನ್ನು ಅಜ್ಜಿ ತನ್ನ ವಶಕ್ಕೆ ತೆಗೆದುಕೊಂಡಳು. ಅಜ್ಜಿ ಗುರುಬಸಮ್ಮ ಬಿಗಿಯಾದ ಹೆಂಗಸು. ಐದಕ್ಕೆ ಏಳುವುದು, ಸ್ನಾನ, ಲಿಂಗಪೂಜೆ, ಆಮೇಲೆ ಪ್ರಸಾದ; ಊಟವನ್ನು ಅವಳು ಹಾಗೆಯೇ ಕರೆಯುತ್ತಿದ್ದಳು. ಹುಷಾರಿಲ್ಲದಿದ್ದರೂ ಕ್ರಮ ತಪ್ಪದು. ನಮ್ಮ ಮನೆಯಲ್ಲಿ ಮಕ್ಕಳೂ ಬೆಳ್ಳಿಯ ಕರಡಿಗೆಯಲ್ಲಿ ಇಷ್ಟಲಿಂಗವನ್ನು ಇಟ್ಟು ಶಿವದಾರದಲ್ಲಿ ಎದೆಯ ಮೇಲೆ ಕಟ್ಟಿಕೊಳ್ಳುವುದು ಪದ್ಧತಿ. ಪೆಟ್ಟಿಗೆಯೂ ಎದೆಯ ಮೇಲೆಯೇ ಇರಬೇಕೆಂದಾಗ ಅಜ್ಜಿ ಅರ್ಧ ದಿನ ಯೋಚಿಸಿದಳು. ಆಮೇಲೆ ಹಳೆಯ ಖಣದ ಬಟ್ಟೆಯಲ್ಲಿ ಚೀಲ ಹೊಲಿದು, ಮುಂದಿನ ಭಾಗ ತೆರೆದಿಟ್ಟು, ದಾರ ಕಟ್ಟಿ ತೀರ್ಪು ಕೊಟ್ಟಳು: "ಶಿವ ಮ್ಯಾಲ, ಇದು ಕೆಳಗ. ಒಂದಕ್ಕೊಂದು ತಾಗಬಾರ್ದು."

ಓಣಿಯ ಶಿವಕ್ಕ ನೋಡಿ ಬಾಯಿ ಮೇಲೆ ಕೈಯಿಟ್ಟಳು. "ಏನ್ರಬೇ ಗುರುಬಸಮ್ಮಾ, ಮೊಮ್ಮಗಳಿಗೆ ಎರಡೆರಡು ಕರಡಿಗಿ!"

"ಹೌದವಾ! ಒಂದು ಈಕಿ ಮಾತು ಶಿವ ಕೇಳಾಕ, ಇನ್ನೊಂದು ನನ್ನ ಮಾತು ಈಕಿ ಕೇಳಾಕ."

ಡಾಕ್ಟರಮ್ಮ ಹೇಳಿದ್ದನ್ನು ಅಪ್ಪನಿಂದ ಮೂರು ಸಲ ಹೇಳಿಸಿಕೊಂಡು ಅಜ್ಜಿ ತನ್ನ ದಿನಚರಿಯೊಳಗೆ ಸೇರಿಸಿಕೊಂಡಳು. ಬೆಳಿಗ್ಗೆ ನನ್ನ ಸ್ನಾನ, ಪೂಜೆ ಮುಗಿದ ಮೇಲೆ ಪೆಟ್ಟಿಗೆಯನ್ನು ಒಣಬಟ್ಟೆಯಲ್ಲಿ ಒರೆಸುವುದು. ಸೆಲ್ಲು ಹಾಕುವುದು. ಆಮೇಲೆ ಮೂರು ಬೆರಳು ಒದ್ದೆ ಮಾಡಿ ವಿಭೂತಿ ಗಟ್ಟಿಯ ಮೇಲೆ ತಿಕ್ಕಿ ನನ್ನ ಹಣೆಗೆ, ಅದೇ ಬೆರಳಿಂದ ಪೆಟ್ಟಿಗೆಯ ಮುಖಕ್ಕೆ ಮೂರು ಗೆರೆ ಎಳೆಯುವುದು. ಬೀಸುವ ಕಲ್ಲಿಗೂ ಗಿರಣಿಯ ಮೋಟಾರಿಗೂ ಅಜ್ಜಿ ವಿಭೂತಿ ಹಚ್ಚುತ್ತಿದ್ದಳು. ಕೆಲಸ ಮಾಡುವ ಯಾವ ಸಾಮಾನೂ ಅವಳ ಕಣ್ಣಲ್ಲಿ ಬರಿಹಣೆಯಲ್ಲಿ ಇರಬಾರದು.

"ನೀರು ತಾಗಬಾರ್ದಂತ ಹೇಳ್ಯಾರಬೇ," ಎಂದ ಅಪ್ಪ.

"ಈಬತ್ತಿ ನೀರೇನು? ಸುಮ್ನಿರು."

ಯಂತ್ರ ಬಂದ ಮೊದಲ ಮೂರು ವಾರಗಳ ಸಂಭ್ರಮವನ್ನು ಕ್ರಮವಾಗಿ ಹೇಳಲು ನನಗೆ ಈಗಲೂ ಆಗುವುದಿಲ್ಲ. ಎಲ್ಲ ಸದ್ದೂ ಒಟ್ಟಿಗೇ ನುಗ್ಗಿದವು. ಅವ್ವ ರೊಟ್ಟಿ ಬಡಿಯುವುದನ್ನು ಹುಟ್ಟಿದಾಗಿನಿಂದ ನೋಡಿದ್ದೆ. ಅದಕ್ಕೆ ಅಂಥ ತಾಳವಿದೆಯೆಂದು ಗೊತ್ತಿರಲಿಲ್ಲ. ಸಾಸಿವೆ ಸಿಡಿಯುವುದು ಕೇಳಿ ಓಡಿಹೋಗಿ ಬಾಣಲೆ ನೋಡಿದೆ. ಮೊರದಲ್ಲಿ ಜೋಳ ಕೇರುವುದು, ದನದ ಬಾಯಲ್ಲಿ ಒಣಮೇವು ಮುರಿಯುವುದು, ನನ್ನದೇ ಹೆಜ್ಜೆ! ಇದೇನು, ಅದೇನು ಎಂದು ಕೇಳಿ ಕೇಳಿ ಅವ್ವನ ತಲೆ ತಿಂದೆ. ಬಿಸಿಲಿಗೆ ಸದ್ದಿಲ್ಲವೆಂದು ತಿಳಿದು ನಿರಾಸೆಯಾಯಿತು. ಅಷ್ಟು ಜೋರಾಗಿ ಹೊಡೆಯುವ ನಮ್ಮ ಬಿಸಿಲಿಗೆ ಸದ್ದಿರಲೇಬೇಕೆಂದು ನಾನು ಎರಡು ದಿನ ಅಂಗಳದಲ್ಲಿ ನಿಂತು ಕಾದಿದ್ದೆ. ಗಿರಣಿಗೆ ಹೋದ ಮೊದಲ ದಿನ ಮಾತ್ರ ಕಿವಿಗೆ ಮೊಳೆ ಹೊಡೆದಂತಾಗಿ ಗುಂಡಿ ಕಿತ್ತುಕೊಂಡು ಹೊರಗೋಡಿದೆ. ಮಗಳಿಗೆ ಮೋಟಾರಿನ ದನಿ ಕೇಳಿಸಬೇಕೆಂದು ಉಬ್ಬಿಕೊಂಡು ಕರೆದೊಯ್ದಿದ್ದ ಅಪ್ಪ ಎರಡು ದಿನ ಪೆಚ್ಚಾಗಿದ್ದ.

ಆಟದಲ್ಲಿ ನನ್ನ ಪಾಳಿ ತಿರುಗಿತು. ಕಣ್ಣಾಮುಚ್ಚಾಲೆಯಲ್ಲಿ ಯಾವಾಗಲೂ ಸೋಲುವವಳು ನಾನು. ಕಣ್ಣು ಮುಚ್ಚಿದರೆ ನನಗೆ ಲೋಕವೇ ಮುಚ್ಚಿದ ಹಾಗೆ. ಈಗ ಬಣವೆಯ ಹಿಂದೆ ಅಡಗಿದ್ದ ಲಕ್ಕಿಯ ಉಸಿರು ಕೇಳಿ ನೇರವಾಗಿ ಹೋಗಿ ಅವಳ ಜಡೆ ಹಿಡಿದೆ.

ಲಕ್ಕಿ ಕುರಿ ಸಾಕುವ ಮನೆಯ ಹುಡುಗಿ, ನನ್ನ ತರಗತಿಯವಳೇ. "ಲೇ, ಇದು ಮೋಸ! ಎರಡನೇ ಕರಡಿಗಿ ತಗದಿಟ್ಟು ಆಡು!" ಎಂದು ಜಗಳಕ್ಕೆ ನಿಂತಳು. ಆದರೆ ನನಗೆ ಉಕ್ತಲೇಖನ ಕಲಿಸಿದವಳು ಅವಳೇ. ಸಂಜೆ ಬಣವೆಗೆ ಒರಗಿ ನಾನು ಪಾಟಿ ಹಿಡಿದರೆ ಅವಳು ಹಿಂದೆ ನಿಂತು ವಾಕ್ಯ ಕೊಡುತ್ತಿದ್ದಳು. ಪುಸ್ತಕದ ವಾಕ್ಯವಲ್ಲ, ಅವಳದೇ.

"ಗಿರಿಜಾನ ಅಜ್ಜಿಗೆ ಮೂರೇ ಹಲ್ಲು. ಬರದ್ಯಾ?"

"ಬರದೆ."

"ಆ ಮೂರೂ ಅಳ್ಳಾಡ್ತಾವ. ಬರದ್ಯಾ?"

ನಕ್ಕು ನಕ್ಕು ಬಳಪ ಮುರಿಯುತ್ತಿತ್ತು. ಮೊದಲು ಹತ್ತರಲ್ಲಿ ಎರಡು ಬರುತ್ತಿತ್ತು, ಆಮೇಲೆ ನಾಲ್ಕು, ಆಮೇಲೆ ಆರು. ದಸರಾ ಸೂಟಿಗೆ ಹತ್ತೇ ದಿನ ಉಳಿದಿತ್ತು. ನಾನು ಗೆಲ್ಲುವವಳಿದ್ದೆ.

ಆಮೇಲೆ ಸದ್ದು ಇಳಿಯತೊಡಗಿತು.

ತಿರುಗಣಿ ಎರಡರಲ್ಲಿದ್ದದ್ದು ಮೂರಾಯಿತು, ನಾಲ್ಕಾಯಿತು. ಸಾಸಿವೆ ಹೋಯಿತು. ಹೆಜ್ಜೆ ಹೋಯಿತು. ನನ್ನ ಕಿವಿಯೇ ಪೂರ್ತಿ ಸಾಯುತ್ತಿದೆ, ಹೇಳಿದರೆ ಶಾಲೆ ಬಿಡಿಸುತ್ತಾರೆ ಎಂದು ಬಾಯಿ ಬಿಡಲಿಲ್ಲ. ತಿರುಗಣಿಯನ್ನು ಕೊನೆಯವರೆಗೆ ತಿರುಗಿಸಿ ಎಲ್ಲ ಕೇಳುತ್ತಿರುವವಳ ಹಾಗೆ ತಲೆಯಾಡಿಸುತ್ತಿದ್ದೆ. ಬುಧವಾರ ಸಂಜೆ ಲಕ್ಕಿ ಹಿಂದಿನಿಂದ ಮುಂದೆ ಬಂದು ಸೊಂಟಕ್ಕೆ ಕೈಯಿಟ್ಟು ನಿಂತಳು.

"ಲೇ ಗಿರಿಜಾ, ನಾ ನಿನ್ನ ಕತ್ತಿ ಅಂತ ಬೈದ್ರೂ ಬರದೆ ಅಂತೀಯಲ್ಲ. ನಿನಗ ಕೇಳಾಕತ್ತಿಲ್ಲ, ಹೌದಿಲ್ಲೋ?"

ಅಳು ಬಂತು. ಲಕ್ಕಿ ನನ್ನ ಕೈ ಹಿಡಿದು ಗಿರಣಿಗೆ ಎಳೆದೊಯ್ದು ಅಪ್ಪನಿಗೆ ಎಲ್ಲ ಹೇಳಿದಳು. ಅಪ್ಪ ಹೊಸ ಸೆಲ್ಲು ಹಾಕಿ ನೋಡಿದ, ತಂತಿ ತಿರುಚಿ ನೋಡಿದ. ಏನೂ ಇಲ್ಲ. ಬಳ್ಳಾರಿಯ ಡಾಕ್ಟರಮ್ಮ ಸಿಗುವುದು ಸೋಮವಾರ, ಪರೀಕ್ಷೆ ಶನಿವಾರ. ಒಂದು ವಾರ ತಡೆಯಿರಿ ಎಂದು ಕೇಳಲು ಮಾಸ್ತರ ಮನೆಗೆ ಹೋದ ಅಪ್ಪ ಬೇಗನೇ ತಿರುಗಿ ಬಂದ. "ಶನಿವಾರ ಅಂದ್ರ ಶನಿವಾರ ಅಂದ್ರು," ಎಂದು ಅವ್ವನಿಗೆ ಹೇಳುವುದನ್ನು ಅವನ ತುಟಿಯಲ್ಲಿ ಓದಿದೆ.

ಗುರುವಾರ ಶಾಲೆಯಿಂದ ಬಂದವಳೇ ಅಂಗಳದ ಬಿಸಿಲಲ್ಲಿ ಕುಳಿತು ಪೆಟ್ಟಿಗೆಯನ್ನು ಚೀಲದಿಂದ ತೆಗೆದೆ. ಮುಖದ ಮೇಲೆ ಏಳು ತೂತು ಇರಬೇಕು. ಎಣಿಸಿದೆ. ಒಂದೂ ಕಾಣಲಿಲ್ಲ. ತೂತು ಇದ್ದ ಕಡೆಯೆಲ್ಲ ಬೆಳ್ಳಗೆ, ಗಟ್ಟಿಯಾಗಿ ಮುಚ್ಚಿತ್ತು. ಮೂಗಿನ ಹತ್ತಿರ ಹಿಡಿದೆ. ಬೆಳಗಿನ ಪೂಜೆಯ ವಾಸನೆ.

ಗೊತ್ತಾಗಿಹೋಯಿತು. ಆದರೆ ಹೇಗೆ ಹೇಳುವುದು? ನನ್ನ ಶಾಲೆ ಉಳಿಯಲಿ ಎಂದು ದಿನವೂ ಬೇಡಿಕೊಂಡು ಹಚ್ಚಿದ ವಿಭೂತಿಯೇ ಯಂತ್ರದ ಬಾಯಿ ಕಟ್ಟಿತು ಎಂದು ಅಜ್ಜಿಯ ಮುಖ ನೋಡಿಕೊಂಡು ಹೇಳುವುದು ಹೇಗೆ?

ಶುಕ್ರವಾರ ಬೆಳಿಗ್ಗೆ ಅಜ್ಜಿಯ ಮೂರು ಬೆರಳು ನನ್ನ ಹಣೆ ದಾಟಿ ಪೆಟ್ಟಿಗೆಯ ಕಡೆ ಬಂದವು. ನಾನು ಆ ಕೈ ಹಿಡಿದುಕೊಂಡೆ.

"ಬ್ಯಾಡ ಅಜ್ಜಿ."

"ಯಾಕ? ಶಿವನ ಮ್ಯಾಲ ಸಿಟ್ಟು ಬಂತೇನು?"

ಅವಳ ಬೆರಳನ್ನೇ ತೂತಿನ ಮೇಲೆ ಆಡಿಸಿದೆ. ಅಜ್ಜಿಗೆ ಕಣ್ಣು ಮಂದ, ಬೆರಳು ಸೂಕ್ಷ್ಮ. ಎರಡು ಸಲ ಸವರಿದಳು. ಉಗುರಿನಿಂದ ಕೆರೆದು ಬಂದದ್ದನ್ನು ಅಂಗೈ ಮೇಲೆ ಹಾಕಿಕೊಂಡು ನೋಡಿದಳು. ತುಟಿ ಅಲುಗಿತು.

"ನಾ ಮಾಡಿದ್ನಾ?"

ಅವಳ ಮುಖ ನೋಡಲಾಗದೆ ನಾನು ತಲೆ ತಗ್ಗಿಸಿದೆ. ಮತ್ತೆ ತಲೆಯೆತ್ತುವುದರೊಳಗೆ ಅಜ್ಜಿ ಸೆರಗು ಸಿಕ್ಕಿಸಿಕೊಂಡು ಬಾಗಿಲಲ್ಲಿದ್ದಳು. ನನಗೆ ನೆನಪಿರುವಂತೆ ಅವಳು ಪ್ರಸಾದ ಮಾಡದೆ ಹೊಸ್ತಿಲು ದಾಟಿದ್ದು ಅದೊಂದೇ ದಿನ.

ಹೋದದ್ದು ಪತ್ತಾರ ಕಾಳಪ್ಪನ ಮನೆಗೆ. ಕಾಳಪ್ಪ ನಮ್ಮೂರಿನ ಬೆಳ್ಳಿ ಬಂಗಾರದ ಕೆಲಸದವನು, ನನ್ನ ಕರಡಿಗೆ ಮಾಡಿದವನೂ ಅವನೇ. ಅಜ್ಜಿ ಪೆಟ್ಟಿಗೆಯನ್ನು ಅವನ ಮುಂದಿಟ್ಟಳು.

"ಕಾಳಪ್ಪಾ, ನೀ ಸಾಸಿವಿಕಾಳಿನಷ್ಟು ಕುಸುರಿ ಕೆಲಸ ಮಾಡಾಂವ. ಇದರ ಬಾಯಿ ಬಿಡಿಸು. ಸೂಜಿ ಚುಚ್ಚಬ್ಯಾಡ, ನೀರು ಮುಟ್ಟಿಸಬ್ಯಾಡ. ನಾಳಿ ಹುಡುಗಿ ಪರೀಕ್ಷಾ ಐತಿ."

ಕಾಳಪ್ಪ ಕಣ್ಣಿಗೆ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದ. ಪೆಟ್ಟಿಗೆಯ ಮುಖವನ್ನು ಕೆಳಗೆ ಮಾಡಿ ಹಿಡಿದು, ಕೆತ್ತನೆಯ ಸಂದಿಯ ಧೂಳು ತೆಗೆಯುವ ಮೆತ್ತನೆಯ ಕುಂಚದಿಂದ ಒಂದೊಂದೇ ತೂತನ್ನು ತಟ್ಟಿ ತಟ್ಟಿ ಸವರಿದ. ಕೆಳಗೆ ಹಾಸಿದ ಕರಿಯ ಬಟ್ಟೆಯ ಮೇಲೆ ಬಿಳಿಯ ಪುಡಿ ಚೂರು ಚೂರಾಗಿ ಉದುರತೊಡಗಿತು. ಅಜ್ಜಿ ಗೋಡೆಗೆ ಒರಗಿ ಕಣ್ಣು ಮುಚ್ಚಿ ಕುಳಿತಿದ್ದಳು. ತುಟಿ ಮಾತ್ರ ಆಡುತ್ತಿತ್ತು. ಶಾಲೆಯ ಗಂಟೆಯ ಹೊತ್ತು ಮೀರಿತು. ಯಾರೂ ಏಳಲಿಲ್ಲ.

ಕೊನೆಗೆ ಗುಂಡಿಯನ್ನು ನನ್ನ ಕಿವಿಗೆ ಹಾಕಿ, ತಿರುಗಣಿ ತಿರುಗಿಸಿ, ಕಾಳಪ್ಪ ತನ್ನ ಸಣ್ಣ ಸುತ್ತಿಗೆಯಿಂದ ಮುಂದಿದ್ದ ಕಬ್ಬಿಣದ ಅಡಿಗಲ್ಲಿಗೆ ಒಂದು ಪೆಟ್ಟು ಕೊಟ್ಟ.

ಟಿಣ್!

ನಾನು ಕುಳಿತಲ್ಲೇ ಹಾರಿದೆ. ಕಾಳಪ್ಪ ಬೊಚ್ಚುಬಾಯಿ ಬಿಟ್ಟು ನಕ್ಕ. ಅಜ್ಜಿ ಮಾತ್ರ ಒಂದು ಸದ್ದಿಗೆ ಒಪ್ಪುವವಳಲ್ಲ. ಎದ್ದು ಹೊರಗೆ ಹೋಗಿ, ಬಾಗಿಲ ಆಚೆ ಗೋಡೆಯ ಹಿಂದೆ ನಿಂತು ಕರೆದಳು.

"ಗಿರಿಜವ್ವಾ..."

"ಓ!" ಎಂದೆ, ಕಾಳಪ್ಪನ ಸುತ್ತಿಗೆಯೇ ಬೆಚ್ಚುವ ಹಾಗೆ.

ಒಳಗೆ ಬಂದ ಅಜ್ಜಿ ಕರಿಬಟ್ಟೆಯ ಮೇಲಿನ ಪುಡಿಯನ್ನು ನೋಡುತ್ತ ನಿಂತಳು. "ಶಿವನ ಭಸ್ಮ ಈಕಿ ಕಿವಿ ಮುಚ್ಚಿತಲ್ಲೋ ಕಾಳಪ್ಪಾ."

"ಭಸ್ಮದ್ದೇನು ತಪ್ಪೈತಬೇ? ನೀ ಹಚ್ಚೋದು ಹಚ್ಚು. ಬಾಯಿಗೆ ಬ್ಯಾಡ, ಬೆನ್ನಿಗೆ ಹಚ್ಚು."

ಅಜ್ಜಿ ಪೆಟ್ಟಿಗೆ ತಿರುಗಿಸಿ ನೋಡಿದಳು. ಬೆನ್ನು ನುಣ್ಣಗಿತ್ತು, ತೂತಿಲ್ಲ. ಅಲ್ಲೇ ಕಾಳಪ್ಪನ ದೇವರ ಗೂಡಿನ ವಿಭೂತಿ ತೆಗೆದು ಬೆನ್ನಿಗೆ ಮೂರು ಗೆರೆ ಎಳೆದಳು.

ಶನಿವಾರ ಅಜ್ಜಿ ನನ್ನ ಜೊತೆ ಶಾಲೆಗೆ ಬಂದಳು. ಬೇಡವೆಂದರೂ ಕೇಳದೆ ಕಿಟಕಿಯ ಹೊರಗೆ ಕಟ್ಟೆಯ ಮೇಲೆ ಕುಳಿತಳು. ಮಾಸ್ತರು ಕೈ ಹಿಂದೆ ಕಟ್ಟಿಕೊಂಡು ಬೆಂಚುಗಳ ಹಿಂದೆ ಹೋದರು.

ಮೊದಲ ವಾಕ್ಯ ಬಂತು. ಬಂದಂತೆ ಆಯಿತು, ಆದರೆ ದೂರದಿಂದ. ಅದರ ಮೇಲೆ ಮೂವತ್ತು ಬಳಪಗಳ ಕರಕರ ಸುರಿಯಿತು. ನಾನು ಅರ್ಧ ಬರೆದು ನಿಂತೆ. ಎರಡನೆಯದೂ ಅರ್ಧವೇ. ಲಕ್ಕಿ ಬಣವೆಯ ಹತ್ತಿರ ಕೊಡುವಾಗ ಇಷ್ಟು ಕಷ್ಟವಿರಲಿಲ್ಲವಲ್ಲ! ಅಲ್ಲಿ ಬೇರೆ ಬಳಪವಿರಲಿಲ್ಲ. ಇಲ್ಲಿ ಪೆಟ್ಟಿಗೆಯ ಬಾಯಿ ನನ್ನ ಎದೆಯ ಮೇಲೆ, ಬಳಪಗಳ ಕಡೆಗೆ. ಮಾಸ್ತರು ನನ್ನ ಬೆನ್ನ ಹಿಂದೆ.

ಯೋಚನೆ ಪೂರ್ತಿಯಾಗುವ ಮೊದಲೇ ಕೈ ಕೆಲಸ ಮಾಡಿತು. ಚೀಲದ ದಾರ ಹಿಡಿದು ಪೆಟ್ಟಿಗೆಯನ್ನು ಕುತ್ತಿಗೆಯ ಸುತ್ತ ತಿರುಗಿಸಿ ಬೆನ್ನ ಮೇಲೆ ಹಾಕಿಕೊಂಡೆ. ಮಕ್ಕಳೆಲ್ಲ ಗೊಳ್ಳೆಂದರು.

"ಏನದು ಗಿರಿಜಾ?"

ಎದ್ದು ನಿಂತೆ. "ನೀವು ಹಿಂದ ಅದೀರಿ ಸರ್. ಅದಕ್ಕ ಇದರ ಬಾಯೀನೂ ಹಿಂದ ಮಾಡೀನಿ."

ನಗು ನಿಂತಿತು. ಮಾಸ್ತರು ಮೂರನೆಯ ವಾಕ್ಯ ಹೇಳಿದರು. ಸ್ಪಷ್ಟವಾಗಿ ಬಂತು! ನಾಲ್ಕನೆಯದು ಬಂತು, ಐದು, ಆರು. ಅವರು ನಡೆಯುವ ಚಪ್ಪಲಿಯ ಸದ್ದೂ ಬಂತು. ನಾನು ತಲೆಯೆತ್ತಲಿಲ್ಲ, ಯಾರ ತುಟಿಯನ್ನೂ ಹುಡುಕಲಿಲ್ಲ. ಉಳಿದವರೆಲ್ಲ ಇಷ್ಟು ವರ್ಷ ಹೀಗೆ ಬರೆಯುತ್ತಿದ್ದರೇ? ಇಷ್ಟು ಸುಲಭವಾಗಿ? ಬಳಪ ಹಾರುತ್ತಿತ್ತು.

ಹತ್ತರಲ್ಲಿ ಎಂಟು ವಾಕ್ಯ ಪೂರ್ತಿ, ಎರಡು ಅರ್ಧ. ಮಾಸ್ತರು ಪಾಟಿಯನ್ನು ಎರಡು ಸಲ ಓದಿದರು. ಆಮೇಲೆ ಬೆಂಚು ಸುತ್ತಿ ಬಂದು ನನ್ನ ಎದುರಿಗೆ ನಿಂತರು.

"ಇಷ್ಟು ವರ್ಷ ನಾ ಹೇಳಿದ್ದು ಏನೂ ಕೇಳಿಲ್ಲೇನು ನಿನಗ?"

"ಎದುರಿಗೆ ನಿಂತು ಹೇಳಿದ್ದು ತಿಳದೈತ್ರಿ ಸರ್."

ಅವರ ಕಣ್ಣು ನನ್ನ ಅಂಗೈ ಮೇಲೆ ಒಮ್ಮೆ ನಿಂತು ಹೊರಳಿತು. "ಸೂಟಿ ಮುಗಿಸ್ಕೊಂಡು ಬಾ. ಮೊದಲನೇ ಬೆಂಚಿನ್ಯಾಗ ಕುಂದ್ರು," ಎಂದರು. ಆಮೇಲೆ ಅವರು ಎಂದೂ ಬೆನ್ನ ಹಿಂದಿನಿಂದ ಉಕ್ತಲೇಖನ ಕೊಡಲಿಲ್ಲ.

ಕಿಟಕಿಯ ಆಚೆ ಅಜ್ಜಿ ಎಲ್ಲ ಕೇಳಿಸಿಕೊಂಡಿದ್ದಳು. ದಾರಿಯುದ್ದಕ್ಕೂ ಸಿಕ್ಕವರಿಗೆಲ್ಲ "ಎಂಟು ಬರದಾಳ, ಎಂಟು!" ಎಂದು ಸಾರುತ್ತ, ಹುರಿದ ಶೇಂಗಾ ಬೆಲ್ಲ ಹಂಚುತ್ತ ಓಣಿ ಮುಟ್ಟುವ ಹೊತ್ತಿಗೆ ಎಂಟು ಹತ್ತಾಗಿತ್ತು. ನಾನು ತಿದ್ದಲು ಹೋಗಲಿಲ್ಲ.

ಆ ಶನಿವಾರದಿಂದ ನನ್ನ ಓದು ನಿಲ್ಲಲಿಲ್ಲ. ನಾನೇ ಶಿಕ್ಷಕಿಯಾದೆ, ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿ ಕಡೆಯ ಶಾಲೆಗಳಲ್ಲಿ ಪಾಠ ಹೇಳಿ ನಿವೃತ್ತಳಾದೆ. ಪ್ರತಿ ವರ್ಷವೂ ಮೊದಲ ವಾರ ಒಂದೊಂದು ಮಗುವಿನ ಬೆನ್ನ ಹಿಂದೆ ನಿಂತು ಮೆಲ್ಲಗೆ ಹೆಸರು ಕರೆಯುತ್ತಿದ್ದೆ. ತಿರುಗದ ಮಕ್ಕಳು ಸಿಕ್ಕರು. ಅವರ ತಂದೆತಾಯಿಗಳನ್ನು ಕರೆಸಿ, ಬಸ್ಸಿನ ಹೊತ್ತು ಬರೆದುಕೊಟ್ಟು ಆಸ್ಪತ್ರೆಗೆ ಕಳಿಸಿದೆ. ಈಗ ನನ್ನ ವಯಸ್ಸಿನವರಿಗೂ ಅದನ್ನೇ ಹೇಳುತ್ತೇನೆ. ಕೇಳಿಸದಿದ್ದರೂ ನಕ್ಕು ತಲೆಯಾಡಿಸುವವರನ್ನು ನಾನು ದೂರದಿಂದಲೇ ಗುರುತಿಸಬಲ್ಲೆ. ಆ ವಿದ್ಯೆ ನನ್ನದೂ ಆಗಿತ್ತು. ವಯಸ್ಸಾಯಿತು ಬಿಡ್ರಿ ಎನ್ನುತ್ತಾರೆ. ಬಿಡಬೇಡಿ, ಹೋಗಿ ಪರೀಕ್ಷೆ ಮಾಡಿಸಿ. ಒಂದು ತಿಂಗಳು ತಾಳ್ಮೆಯಿಂದ ಹಾಕಿಕೊಳ್ಳಿ. ಮೊಮ್ಮಕ್ಕಳು ಒಮ್ಮೆ ಹೇಳಿದ ಕತೆಯನ್ನು ನಿಮಗಾಗಿ ಎರಡನೆಯ ಸಲ ಹೇಳುವುದಿಲ್ಲ.

ಯಂತ್ರಗಳು ಬದಲಾಗುತ್ತ ಬಂದವು. ಈಗಿನದು ಅವರೆಕಾಳಿನಷ್ಟು, ಕಿವಿಯ ಹಿಂದೆ ಅಡಗಿ ಕೂರುತ್ತದೆ, ಗದ್ದಲವನ್ನು ಒಂದು ಕಡೆ ತಳ್ಳಿ ಮಾತನ್ನು ಮುಂದೆ ತರುತ್ತದೆ. ಮೊದಲ ಪೆಟ್ಟಿಗೆಯಲ್ಲಿ ಎಲ್ಲರ ದನಿಯೂ ತಗಡಿನ ಡಬ್ಬಿಯೊಳಗಿಂದ ಬಂದಂತಿತ್ತು. ಹೊಸದೊಂದು ಬಂದಾಗಲೆಲ್ಲ ನಾನು ಊರಿಗೆ ಹೋಗಿ ನನ್ನವರ ದನಿಯನ್ನು ಮತ್ತೆ ಕೇಳಿ ಬರುತ್ತಿದ್ದೆ. ಅಪ್ಪನ ದನಿ ನಾನು ತಿಳಿದಷ್ಟು ಸಣ್ಣದಾಗಿರಲಿಲ್ಲ. ಅವ್ವನದು ಸ್ವಲ್ಪ ಒರಟು. ಲಕ್ಕಿಯದು ಈಗಲೂ ಜಗಳಕ್ಕೆ ನಿಂತ ದನಿ. ಮೊನ್ನೆ ಫೋನಿನಲ್ಲಿ ಕೇಳಿದೆ.

ಅಜ್ಜಿ ನಾನು ಹೈಸ್ಕೂಲು ಮುಗಿಸುವ ವರ್ಷ ಹೋದಳು. ಆಗ ನನ್ನ ಬಳಿ ಇದ್ದದ್ದು ಆ ಬೂದು ಪೆಟ್ಟಿಗೆಯೊಂದೇ. ಅವಳ ಕೂಗು, ಬೈಗುಳ, ಬೆಳಗಿನ ಮಂತ್ರ ಎಲ್ಲವೂ ನನ್ನ ನೆನಪಿನಲ್ಲಿ ಡಬ್ಬಿಯೊಳಗಿನ ಆ ಗರಗರ ದನಿಯಲ್ಲೇ ಉಳಿದಿವೆ. ನಿಮಗೆಲ್ಲ ನಿಮ್ಮ ಅಜ್ಜಿಯ ದನಿ ಹೇಗಿತ್ತೆಂದು ಗೊತ್ತು. ನನ್ನ ಅಜ್ಜಿಯ ದನಿ ನಿಜಕ್ಕೂ ಹೇಗಿತ್ತೋ, ಬುದ್ಧಿ ಬಂದ ಮೇಲೆ ನಾನು ಒಮ್ಮೆಯೂ ಕೇಳಲಿಲ್ಲ.